ಲೋಹಕ್ಕೆ ಮಾತು ಕೊಟ್ಟವರು

ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಹೊರಡಿಸಿದ ಪದಕವೊಂದರ ಮೇಲೆ 1685ನೆಯ ಇಸವಿಯಿದೆ. ಇಪ್ಪತ್ತು ಲಕ್ಷ ಕ್ಯಾಲ್ವಿನ್ ಪಂಥೀಯರು ಮರಳಿ ಚರ್ಚಿಗೆ ಸೇರಿದರು ಎಂದು ಅದರ ಲ್ಯಾಟಿನ್ ಬರಹ ಸಾರುತ್ತದೆ. 1598ರಿಂದ ಫ್ರಾನ್ಸಿನ ಪ್ರಾಟೆಸ್ಟೆಂಟರಿಗೆ ರಕ್ಷಣೆ ಕೊಟ್ಟಿದ್ದ ನಾಂತ್ ಶಾಸನವನ್ನು ಲೂಯಿ ರದ್ದುಮಾಡಿದ್ದು ಅದೇ ವರ್ಷ. ಅದಕ್ಕೂ ಮೊದಲೇ ಅವರ ಮನೆಗಳಲ್ಲಿ ಸೈನಿಕರ ಬಿಡಾರ ಹೂಡಿಸಿ, ಅನ್ನ, ಹಾಸಿಗೆ, ದುಡ್ಡು ಎಲ್ಲವನ್ನೂ ಕಿತ್ತುಕೊಳ್ಳಲು ಬಿಟ್ಟು, ಬೇಸತ್ತವರಿಂದ ಮತಾಂತರದ ರುಜು ಹಾಕಿಸಿಕೊಳ್ಳುವ ಕೆಲಸ ಶುರುವಾಗಿತ್ತು. ಇತಿಹಾಸಕಾರರ ಅಂದಾಜಿನಂತೆ ಆಗ ಇಡೀ ಫ್ರಾನ್ಸಿನಲ್ಲಿದ್ದ ಪ್ರಾಟೆಸ್ಟೆಂಟರ ಸಂಖ್ಯೆ ಹತ್ತು ಲಕ್ಷವನ್ನೂ ಮುಟ್ಟುವುದಿಲ್ಲ. ಅವರಲ್ಲಿ ಸುಮಾರು ಎರಡು ಲಕ್ಷ ಮಂದಿ ಹಾಲೆಂಡ್, ಇಂಗ್ಲೆಂಡ್, ಸ್ವಿಟ್ಜರ್ಲೆಂಡ್, ಬ್ರಾಂಡನ್‌ಬರ್ಗ್‌ಗಳಿಗೆ ಓಡಿಹೋದರು. ನೇಕಾರರು, ಅಕ್ಕಸಾಲಿಗರು, ಗಡಿಯಾರ ಮಾಡುವವರು ಗುಂಪುಗುಂಪಾಗಿ ಊರು ಬಿಟ್ಟರು. ಲೂಯಿಯ ಆಜ್ಞೆ ನೂರು ವರ್ಷ ಕಳೆಯುತ್ತಿದ್ದಂತೆ ಸಡಿಲವಾಯಿತು, ಅವನ ವಂಶದ ಸಿಂಹಾಸನವೂ ಹೋಯಿತು. ಪದಕ ಮಾತ್ರ ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ ಕುಳಿತು ಇವತ್ತಿಗೂ ಇಪ್ಪತ್ತು ಲಕ್ಷದ ಲೆಕ್ಕ ಹೇಳುತ್ತಿದೆ.

ಪದಕ ಎಂದರೆ ನಮಗೆ ಇಂದು ನೆನಪಾಗುವುದು ಓಟದಲ್ಲಿ ಗೆದ್ದವರ ಕೊರಳು, ಸೈನಿಕರ ಎದೆ. ಐದಾರು ನೂರು ವರ್ಷಗಳ ಹಿಂದೆ ಯುರೋಪಿನ ಅರಮನೆಗಳಲ್ಲಿ ಹುಟ್ಟಿದ ಸ್ಮರಣ ಪದಕದ ಉದ್ದೇಶ ಬೇರೆಯೇ ಆಗಿತ್ತು. ಅದನ್ನು ಕೊಟ್ಟು ಸಂತೆಯಲ್ಲಿ ಏನನ್ನೂ ಕೊಳ್ಳುವಂತಿರಲಿಲ್ಲ. ಗೆದ್ದವರಿಗೆ ಬಹುಮಾನವೂ ಅದಲ್ಲ. ದೊರೆ ತನ್ನ ಬಗ್ಗೆ ತಾನೇ ಬರೆಸಿ, ಅಚ್ಚು ಹಾಕಿಸಿ, ರಾಯಭಾರಿಗಳ ಕೈಗಿಟ್ಟು ಕಳಿಸುತ್ತಿದ್ದ ಇತಿಹಾಸ ಅದು. ಅದರ ಮಾತು ಅಷ್ಟು ಕಾಲ ಉಳಿದುಬಂದದ್ದು ದೊರೆಯ ಬಲದಿಂದಲ್ಲ, ಕೆತ್ತಿದವನ ಕೈಯ ಬಲದಿಂದ. ಕೆಲಸ ಕಳಪೆಯಾಗಿದ್ದಿದ್ದರೆ ಯಾರೂ ಅದನ್ನು ಜೋಪಾನ ಮಾಡುತ್ತಿರಲಿಲ್ಲ, ಕರಗಿಸಿ ಬಟ್ಟಲು ಮಾಡಿಕೊಳ್ಳುತ್ತಿದ್ದರು. ಆದ್ದರಿಂದ ಈ ಪ್ರಚಾರವನ್ನು ಅರ್ಥಮಾಡಿಕೊಳ್ಳಬೇಕಾದರೆ ಮೊದಲು ಕಸುಬನ್ನೇ ನೋಡಬೇಕು ಎಂದು ನಾನು ನಂಬುತ್ತೇನೆ.

ಈ ಕಲೆಯ ಮೊದಲಿಗ ಇಟಲಿಯ ಚಿತ್ರಕಾರ ಪಿಸನೆಲ್ಲೊ. 1438ರಲ್ಲಿ ಬೈಜಾಂಟಿಯಂ ಚಕ್ರವರ್ತಿ ಎಂಟನೆಯ ಜಾನ್ ಪಾಲಿಯೊಲೊಗಸ್ ಧರ್ಮಸಭೆಗೆಂದು ಫೆರಾರಾಕ್ಕೆ ಬಂದಾಗ, ಅವನ ಚೂಪುಗಡ್ಡ ಮತ್ತು ವಿಚಿತ್ರವಾದ ಎತ್ತರದ ಟೋಪಿಯನ್ನು ಕಂಡು ಪಿಸನೆಲ್ಲೊ ಮೇಣದಲ್ಲಿ ರೂಪಿಸಿ ಎರಕ ಹುಯ್ದ. ಸುಮಾರು ಹತ್ತು ಸೆಂಟಿಮೀಟರ್ ಅಡ್ಡಳತೆಯ ಆ ಬಿಲ್ಲೆಯನ್ನು ಹೊಸಕಾಲದ ಮೊದಲ ಭಾವಚಿತ್ರ ಪದಕವೆಂದು ಕರೆಯುತ್ತಾರೆ. ಅದರ ಮೇಲೆ ಅವನು ತನ್ನನ್ನು ಚಿತ್ರಕಾರ ಎಂದೇ ಕರೆದುಕೊಂಡು ಹೆಸರು ಬರೆದ. ಮೊದಲ ದಿನದಿಂದಲೇ ಪದಕಕ್ಕೆ ಇಬ್ಬರು ಒಡೆಯರು: ಮುಖ ಯಾರದೋ ಅವನೊಬ್ಬ, ಕೈ ಯಾರದೋ ಅವನೊಬ್ಬ.

ಈ ಕಲೆಯನ್ನು ಸರ್ಕಾರದ ಒಂದು ಇಲಾಖೆಯನ್ನಾಗಿ ಮಾಡಿದ್ದು ಮಾತ್ರ ಲೂಯಿಯ ಮಂತ್ರಿ ಕೋಲ್ಬೇರ್. 1663ರಲ್ಲಿ ಅವನು ನಾಲ್ಕು ಮಂದಿ ವಿದ್ವಾಂಸರನ್ನು ಸೇರಿಸಿ ಪುಟ್ಟ ಅಕಾಡೆಮಿಯೊಂದನ್ನು ಕಟ್ಟಿದ. ದೊರೆಯ ಕಟ್ಟಡ, ವಿಗ್ರಹ, ಪದಕಗಳಿಗೆ ಬರಹ ಮತ್ತು ಸಂಕೇತಗಳನ್ನು ಹೊಂದಿಸುವುದೇ ಅವರ ಕೆಲಸ. ಅವರ ಜೊತೆ ಕಾರ್ಯದರ್ಶಿಯಾಗಿದ್ದವನು ಷಾರ್ಲ್ ಪೆರೋ, ಮುಂದೆ ಸಿಂಡ್ರೆಲ್ಲಾ ಕಥೆಯನ್ನು ಬರೆದು ಲೋಕದ ಮಕ್ಕಳಿಗೆಲ್ಲ ಪರಿಚಿತನಾದವನು. ನಾಟಕಕಾರ ರಾಸೀನ್ ಕೂಡ ಆಮೇಲೆ ಅದರ ಸದಸ್ಯನಾದ. ಭಾಷೆಯಲ್ಲಿ ಅಷ್ಟು ಪಳಗಿದವರು ವಾರವಾರವೂ ಕುಳಿತು, ನಾಲ್ಕೈದು ಲ್ಯಾಟಿನ್ ಪದಗಳಲ್ಲಿ ಒಂದು ಯುದ್ಧವನ್ನೋ ಒಂದು ಒಪ್ಪಂದವನ್ನೋ ಹಿಡಿದಿಡಲು ತಲೆ ಕೆಡಿಸಿಕೊಳ್ಳುತ್ತಿದ್ದರು.

ಏಕೆ ಲ್ಯಾಟಿನ್? ರೋಮಿನ ಚಕ್ರವರ್ತಿಗಳ ನಾಣ್ಯಗಳು ಆ ವಿದ್ವಾಂಸರ ಮುಂದಿದ್ದವು. ರೋಮಿನ ಅರಮನೆಗಳು ಬಿದ್ದುಹೋಗಿದ್ದವು, ಗ್ರಂಥಗಳು ಅರ್ಧಂಬರ್ಧ ಉಳಿದಿದ್ದವು. ನಾಣ್ಯಗಳು ಮಾತ್ರ ಹೊಲ ಉಳುವಾಗ ಮಣ್ಣಿನಿಂದ ಮೇಲೆದ್ದು ಬರುತ್ತಿದ್ದವು, ಚಕ್ರವರ್ತಿಯ ಮೂಗು ಕೂಡ ಸವೆಯದೆ. ತಮ್ಮ ದೊರೆಯೂ ಸಾವಿರ ವರ್ಷ ಕಳೆದ ಮೇಲೆ ಹಾಗೆಯೇ ಎದ್ದು ಬರಬೇಕೆಂಬುದು ಅವರ ಆಸೆ. 1665ರಲ್ಲಿ ಲೂವ್ರ್ ಅರಮನೆಯ ಹೊಸ ಭಾಗಕ್ಕೆ ಅಡಿಗಲ್ಲು ಇಟ್ಟಾಗ ಜಾನ್ ವಾರೆನ್ ಎಂಬ ಮಹಾ ಕೆತ್ತನೆಗಾರ ಮಾಡಿದ ಪದಕವನ್ನು ಅದರ ಜೊತೆ ನೆಲದಲ್ಲಿ ಹೂತರು. ಹೂಳುವಾಗ ಅವರ ಕಣ್ಣಿದ್ದದ್ದು ಅಂದಿನ ಪ್ರಜೆಗಳ ಮೇಲಲ್ಲ, ಮುಂದೊಂದು ಕಾಲದಲ್ಲಿ ಅಗೆದು ತೆಗೆಯುವವರ ಮೇಲೆ.

ಈ ಹಂಬಲ ಮುಗಿಲು ಮುಟ್ಟಿದ್ದು 1702ರಲ್ಲಿ. ಆ ವರ್ಷ ರಾಜಮುದ್ರಣಾಲಯದಿಂದ ಲೂಯಿಯ ಆಳ್ವಿಕೆಯ ಮುಖ್ಯ ಘಟನೆಗಳ ಪದಕಗಳ ದೊಡ್ಡ ಪುಸ್ತಕ ಹೊರಬಂತು. 286 ಪದಕಗಳು, ಪುಟಕ್ಕೊಂದು, ಕೆಳಗೆ ವಿವರಣೆ. ಆ ಪುಸ್ತಕಕ್ಕೆಂದೇ ಹೊಸ ಅಚ್ಚಕ್ಷರಗಳನ್ನು ಕೊರೆಸಿದ್ದರು. ಹಿಂದೆ ಬೇರೆಬೇರೆ ಗಾತ್ರದಲ್ಲಿ ಬಂದಿದ್ದ ಪದಕಗಳನ್ನೆಲ್ಲ 41 ಮಿಲಿಮೀಟರಿನ ಒಂದೇ ಅಳತೆಗೆ ತಂದು ಹೊಸದಾಗಿ ಕೆತ್ತಿಸಿದರು. ಹೆಚ್ಚಿನವು ಜಾನ್ ಮೊಜೆ ಎಂಬ ಒಬ್ಬನೇ ಕೆತ್ತನೆಗಾರನ ಕೆಲಸ. ಮೊದಲ ಪದಕ 1638ರಲ್ಲಿ ದೊರೆ ಹುಟ್ಟಿದ್ದರ ಬಗ್ಗೆ, ಫ್ರಾನ್ಸಿನ ಸೂರ್ಯೋದಯ ಎಂಬ ಬರಹದೊಂದಿಗೆ. ಈ ಸರಣಿಯ ಅಚ್ಚು ಕೆತ್ತುವ ಹೊತ್ತಿಗೆ ಆ ಸೂರ್ಯ ಅರವತ್ತು ದಾಟಿದ ಮುದುಕ. ಹುಟ್ಟಿದ ದಿನವೇ ಲೋಕಕ್ಕೆ ಗೊತ್ತಾಗಿತ್ತು ಎಂಬಂತೆ ಅದನ್ನು ಹಿಂದಿನ ದಿನಾಂಕದಲ್ಲಿ ಲೋಹಕ್ಕೆ ಇಳಿಸಿದರು. 1662ರ ಬರಗಾಲಕ್ಕೂ ಅಲ್ಲೊಂದು ಪದಕವಿದೆ, ದೊರೆಯ ದಯೆಯಿಂದ ಹಸಿವು ನೀಗಿತು ಎಂದು. ಜನ ಸತ್ತ ಕಾಲ ಕೂಡ ದೊರೆಯ ಪುಣ್ಯದ ಖಾತೆಗೆ ಜಮೆಯಾಯಿತು.

ಈ ಮಾತುಗಳನ್ನು ಲೋಹಕ್ಕೆ ಇಳಿಸುವುದು ಎಷ್ಟು ಕಷ್ಟ ಎಂಬುದನ್ನು ತುಸು ವಿವರವಾಗಿಯೇ ಹೇಳಬೇಕು. ಎರಕದ ಪದಕಕ್ಕೆ ಮೇಣ ಸಾಕು, ಬೆರಳಿಗೆ ಬಗ್ಗುತ್ತದೆ, ತಪ್ಪಿದರೆ ತಿದ್ದಬಹುದು. ನೂರಾರು ಪ್ರತಿ ಬೇಕಾದರೆ ಅಚ್ಚೊತ್ತಬೇಕು, ಅಚ್ಚು ಬೇಕಾದರೆ ಉಕ್ಕಿಗೆ ಕೈ ಹಾಕಬೇಕು. ಕೆತ್ತನೆಗಾರ ಮೊದಲು ಮೆದು ಉಕ್ಕಿನ ತುಂಡೊಂದರ ತುದಿಯಲ್ಲಿ ದೊರೆಯ ಮುಖವನ್ನು ಉಬ್ಬಾಗಿ ಕಡೆಯುತ್ತಾನೆ. ಕಣ್ಣಿನ ರೆಪ್ಪೆ, ಗುಂಗುರು ಕೂದಲಿನ ಸುರುಳಿ, ತುಟಿಯ ಅಂಚು, ಎಲ್ಲವೂ ಸಣ್ಣ ಉಳಿಯಲ್ಲಿ, ಭೂತಗನ್ನಡಿಯ ಕೆಳಗೆ. ಆಮೇಲೆ ಅದನ್ನು ಕೆಂಪಗೆ ಕಾಸಿ ತಣ್ಣೀರಿನಲ್ಲಿ ಅದ್ದಿ ಗಡುಸು ಮಾಡುತ್ತಾನೆ. ಗಡುಸಾದ ಆ ಮುಖವನ್ನು ಇನ್ನೊಂದು ಮೆದು ಉಕ್ಕಿನ ಗಟ್ಟಿಗೆ ಬಲವಾಗಿ ಒತ್ತಿದರೆ ಅಲ್ಲಿ ತಗ್ಗಾದ ಪಡಿಯಚ್ಚು ಮೂಡುತ್ತದೆ. ಅದರ ಸುತ್ತ ಅಕ್ಷರಗಳನ್ನು ಒಂದೊಂದಾಗಿ, ಒಂದೊಂದು ಪುಟ್ಟ ಮೊಳೆಯಿಂದ, ತಿರುಗುಮುರುಗಾಗಿ ಹೊಡೆಯಬೇಕು. ವೃತ್ತದ ಉದ್ದಕ್ಕೂ ಅಂತರ ಸಮವಾಗಿರಬೇಕು. ಕೊನೆಯ ಅಕ್ಷರಕ್ಕೆ ಜಾಗ ಸಾಲದಿದ್ದರೆ ತಿದ್ದುವ ದಾರಿಯೇ ಇಲ್ಲ. ಇಷ್ಟೆಲ್ಲ ಆದಮೇಲೆ ಅಚ್ಚನ್ನು ಮತ್ತೆ ಕಾಸಿ ನೀರಿಗೆ ಇಳಿಸುತ್ತಾರೆ. ಆ ಕ್ಷಣಕ್ಕೆ ಎಲ್ಲರೂ ಹೆದರುತ್ತಿದ್ದರು. ಉಕ್ಕಿನೊಳಗೆ ಕಾಣದ ಒಂದು ಬಿರುಕಿದ್ದರೂ ಸಾಕು, ತಿಂಗಳುಗಟ್ಟಲೆ ಮಾಡಿದ ಕೆಲಸ ಸಿಡಿದು ಎರಡು ಹೋಳು.

ಒತ್ತುವುದು ಮತ್ತೊಂದು ಸಾಹಸ. ತಿರುಪಿನ ಯಂತ್ರದ ತಲೆಗೆ ಉದ್ದನೆಯ ಅಡ್ಡತೊಲೆ, ಅದರ ಎರಡು ತುದಿಗೂ ಭಾರವಾದ ಗುಂಡು, ಗುಂಡಿಗೆ ಕಟ್ಟಿದ ಹಗ್ಗ. ಆಳುಗಳು ಒಟ್ಟಿಗೆ ಹಗ್ಗ ಎಳೆದಾಗ ತೊಲೆ ಗರ್ರನೆ ತಿರುಗಿ ತಿರುಪು ಕೆಳಗಿಳಿದು ಬಿಲ್ಲೆಯ ಮೇಲೆ ಬೀಳುತ್ತದೆ. ನಾಣ್ಯಕ್ಕಾದರೆ ಒಂದು ಏಟು ಸಾಕು. ಪದಕದ ಉಬ್ಬು ಹೆಚ್ಚು, ಲೋಹ ಅಚ್ಚಿನ ಆಳಕ್ಕೆಲ್ಲ ಹರಿಯಬೇಕು. ಒಂದು ಏಟಿಗೆ ಮೂಗಿನ ತುದಿ ಮೂಡುವುದಿಲ್ಲ. ಏಟು ಬಿದ್ದಷ್ಟೂ ಲೋಹ ಬಿಗಿಯುತ್ತದೆ, ಆಮೇಲೆ ಹೊಡೆದರೆ ಅಚ್ಚೇ ಒಡೆಯುತ್ತದೆ. ಆದ್ದರಿಂದ ಬಿಲ್ಲೆಯನ್ನು ಹೊರತೆಗೆದು, ಕಾಸಿ ಮೆದುಮಾಡಿ, ಹುಳಿಯಲ್ಲಿ ತೊಳೆದು, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಅಚ್ಚಿನಲ್ಲಿ ಮತ್ತೆ ಕೂರಿಸಿ ಹೊಡೆಯಬೇಕು. ಹೀಗೆ ಹಲವು ಸಲ. ಸ್ವಲ್ಪ ಜರುಗಿದರೂ ದೊರೆಗೆ ಎರಡು ಗಲ್ಲ. ಚಿನ್ನ ಬೇಗ ಒಗ್ಗುತ್ತದೆ, ತವರ ಇನ್ನೂ ಬೇಗ, ಕಂಚು ಹಟ ಮಾಡುತ್ತದೆ. ಎರಡು ಮೂರು ಮಿಲಿಮೀಟರ್ ದಪ್ಪದ ಉಬ್ಬಿನಲ್ಲಿ ಹತ್ತಿರದ ಕುದುರೆ, ದೂರದ ಕೋಟೆ, ಅದರಾಚೆಯ ಆಕಾಶ ಎಲ್ಲವನ್ನೂ ತೋರಿಸಿದ ಆ ಕೈಗಳ ಬಗ್ಗೆ ನನಗಿರುವುದು ಅಪ್ಪಟ ಗೌರವ. ಕೆತ್ತಿದವರ ಹೆಸರಾದರೂ ಉಳಿದಿದೆ, ಹಗ್ಗ ಎಳೆದವರದು ಇಲ್ಲ.

ಪದಕದ ಬಲ ಲೂಯಿಯ ವೈರಿಗಳಿಗೂ ತಿಳಿದಿತ್ತು. 1684ರಲ್ಲಿ ಫ್ರೆಂಚ್ ನೌಕಾಪಡೆ ಜಿನೋವಾ ನಗರದ ಮೇಲೆ ಬಾಂಬುಗಳ ಮಳೆಗರೆಯಿತು. ಮರುವರ್ಷ ಅಲ್ಲಿನ ಮುಖ್ಯಾಡಳಿತಗಾರ ಡೋಜೆ ವರ್ಸೇಲ್ಸ್‌ಗೆ ಬಂದು ಕ್ಷಮೆ ಕೇಳಬೇಕಾಯಿತು. ಅವನು ತಲೆಬಾಗಿ ನಿಂತದ್ದು ಪದಕವಾಯಿತು. 1686ರಲ್ಲಿ ಸಯಾಮಿನ ರಾಯಭಾರಿಗಳು ಬಂದದ್ದೂ ಪದಕವಾಯಿತು. ಇವನ್ನೆಲ್ಲ ನೋಡುತ್ತಿದ್ದ ವಿರೋಧಿಗಳು ಅದೇ ಲೋಹದಲ್ಲಿ ಉತ್ತರ ಕೊಟ್ಟರು. 1693ರಲ್ಲಿ ರಣರಂಗಕ್ಕೆ ಹೋದ ಲೂಯಿ ಕಾದಾಡದೆ ಹಿಂದಿರುಗಿದಾಗ, ಬಂದ, ಕಂಡ, ಆದರೆ ಗೆಲ್ಲಲಿಲ್ಲ ಎಂಬ ಬರಹದ ಪದಕ ಹೊರಬಂತು. ಜೂಲಿಯಸ್ ಸೀಸರನ ಮಾತನ್ನು ತುಸು ತಿರುಚಿ ಸೂರ್ಯದೊರೆಯ ಮಾನ ತೆಗೆದರು.

ಇದೇ ಕಸುಬು ನಮ್ಮ ನಾಡಿನ ಬಾಗಿಲಿಗೂ ಬಂತು. ಬಂದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರದ ಸೋಹೊ ಕಾರ್ಖಾನೆಯಿಂದ. ಜೇಮ್ಸ್ ವಾಟ್‌ನ ಪಾಲುಗಾರ ಮ್ಯಾಥ್ಯೂ ಬೌಲ್ಟನ್ 1788ರಲ್ಲಿ ಅಲ್ಲಿ ಟಂಕಸಾಲೆ ಕಟ್ಟಿ, ಆವಿಯ ಬಲದಿಂದ ನಾಣ್ಯ ಒತ್ತುವುದನ್ನು ಸಾಧಿಸಿದ. ಅವನ ಬಳಿ ಕೆಲಸಕ್ಕಿದ್ದ ಕೆತ್ತನೆಗಾರ ಕಾನ್ರಾಡ್ ಹೈನ್ರಿಖ್ ಕ್ಯೂಕ್ಲರ್, ಯುರೋಪಿನ ಮುಖ್ಯನಾಡಿನಿಂದ 1793ರಲ್ಲಿ ಬಂದವನು. ಅದೇ ವರ್ಷ ಪ್ಯಾರಿಸಿನಲ್ಲಿ ಹದಿನಾರನೆಯ ಲೂಯಿಯ ತಲೆ ಉರುಳಿತ್ತು. ಟಿಪ್ಪುವಿನ ಮೂವರು ರಾಯಭಾರಿಗಳನ್ನು 1788ರಲ್ಲಿ ವರ್ಸೇಲ್ಸ್‌ನಲ್ಲಿ ಬರಮಾಡಿಕೊಂಡಿದ್ದ ದೊರೆ ಅವನೇ. ಆ ಸಾವಿನ ಪದಕವನ್ನು ಕೆತ್ತಿದವನು ಕ್ಯೂಕ್ಲರ್. ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಪದಕವನ್ನು ಕೆತ್ತಿದವನೂ ಅವನೇ. ಅದರ ಒಂದು ಮುಖದಲ್ಲಿ ಕಾರ್ನ್‌ವಾಲಿಸ್, ಇನ್ನೊಂದರಲ್ಲಿ 1792ರ ಶ್ರೀರಂಗಪಟ್ಟಣ ಒಪ್ಪಂದದಂತೆ ಒತ್ತೆಯಾಳುಗಳಾಗಿ ಬಂದ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಅವನು ಬರಮಾಡಿಕೊಳ್ಳುವ ದೃಶ್ಯ. ಮೇಲಿನ ಲ್ಯಾಟಿನ್ ಬರಹ ಶತ್ರುವಿಗೆ ತೋರಿಸುವ ಕರುಣೆಯ ಬಗ್ಗೆ ಮಾತಾಡುತ್ತದೆ. ಅರ್ಧ ರಾಜ್ಯ ಮತ್ತು 3 ಕೋಟಿ 30 ಲಕ್ಷ ರೂಪಾಯಿಯ ದಂಡವನ್ನು ಅದೇ ಒಪ್ಪಂದ ಕಸಿದುಕೊಂಡಿತ್ತು. ಅದು ಪದಕದಲ್ಲಿಲ್ಲ. ತಂದೆಯಿಂದ ಮಕ್ಕಳನ್ನು ಬೇರ್ಪಡಿಸಿದ್ದನ್ನು ಕರುಣೆಯ ಚಿತ್ರವಾಗಿ ತಿರುಗಿಸಿದ್ದು ಕ್ಯೂಕ್ಲರನ ಉಳಿ.

ಏಳು ವರ್ಷಗಳ ಬಳಿಕ, 1799ರ ಮೇ 4ರ ಮಧ್ಯಾಹ್ನ, ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಕೋಟೆಯೊಳಗೇ ಹೋರಾಡುತ್ತ ಸತ್ತ. ಈಸ್ಟ್ ಇಂಡಿಯಾ ಕಂಪನಿ ತನ್ನ ಸೇನೆಗೆ ಕೊಡಲು ಪದಕ ಮಾಡಿಸಿತು. ಆ ಕೆಲಸವೂ ಸೋಹೊ ಕಾರ್ಖಾನೆಯ ಪಾಲಿಗೇ ಬಂತು, ಕೆತ್ತನೆ ಕ್ಯೂಕ್ಲರನದೇ. 1801-02ರಲ್ಲಿ ಅಚ್ಚಾದ ಈ ಬಿಲ್ಲೆಯ ಅಡ್ಡಳತೆ 48 ಮಿಲಿಮೀಟರ್. ಒಂದು ಮುಖದಲ್ಲಿ ಬ್ರಿಟನ್ನಿನ ಸಿಂಹ ಹುಲಿಯನ್ನು ಕೆಡವಿ ಮೇಲೆರಗಿದೆ. ಮೇಲೆ ಹಾರುವ ಪತಾಕೆಯಲ್ಲಿ ಅರಬ್ಬಿ ಅಕ್ಷರ, ಕೆಳಗೆ ರೋಮನ್ ಅಂಕಿಗಳಲ್ಲಿ ದಿನಾಂಕ. ಇನ್ನೊಂದು ಮುಖದಲ್ಲಿ ಒಡೆದ ಕೋಟೆಗೆ ನುಗ್ಗುತ್ತಿರುವ ಸೈನಿಕರು. ನೆತ್ತಿಯ ಮೇಲೆ ಸೂರ್ಯ, ದಾಳಿ ನಡೆದದ್ದು ನಡುಹಗಲಿನಲ್ಲಿ ಎಂದು ತೋರಿಸಲು. ಕೋಟೆಯ ಗೋಡೆಯನ್ನು ತೆಳುವಾಗಿಯೂ ಮುಂದಿನ ಸೈನಿಕರನ್ನು ಎತ್ತರವಾಗಿಯೂ ಕೆತ್ತಿ ನೋಡುವವನನ್ನು ದಾಳಿಕೋರರ ಜೊತೆಗೇ ನಿಲ್ಲಿಸಿದ್ದಾನೆ. ಪದಕವನ್ನು ಕೈಯಲ್ಲಿ ಹಿಡಿದ ಯಾರೇ ಆಗಲಿ ಕೋಟೆಯನ್ನು ಹೊರಗಿನಿಂದಲೇ ನೋಡಬೇಕು. ಒಳಗಿದ್ದ ಊರಿನವರ ಕಣ್ಣಿನಿಂದ ನೋಡುವ ಕಿಂಡಿಯನ್ನು ಅವನು ಬಿಟ್ಟಿಲ್ಲ.

ಪತಾಕೆಯ ಮೇಲಿನ ಅರಬ್ಬಿ ಬರಹವೇ ನನ್ನನ್ನು ಹೆಚ್ಚು ಕಾಡುವುದು. ಅಸದುಲ್ಲಾ ಅಲ್ ಗಾಲಿಬ್, ಎಂದರೆ ದೇವರ ಸಿಂಹ ಜಯಶಾಲಿ. ಇದು ಟಿಪ್ಪುವಿನದೇ ಘೋಷ. ತನ್ನ ಆಯುಧಗಳ ಮೇಲೆ ಇವೇ ಪದಗಳನ್ನು ಹುಲಿಮುಖದ ಆಕಾರಕ್ಕೆ ಹೆಣೆದು ಬರೆಸಿದ್ದ. ಕಂಪನಿ ಅದನ್ನೇ ಎತ್ತಿ ತನ್ನ ಸಿಂಹದ ತಲೆಯ ಮೇಲೆ ಕಟ್ಟಿತು. ಹಿಂಬದಿಯ ಪಾರ್ಸಿ ಬರಹದಲ್ಲಿ ಶ್ರೀರಂಗಪಟ್ಟಣದ ಕೋಟೆ ದೇವರ ಕೊಡುಗೆ ಎಂದಿದೆ. ಟಿಪ್ಪು ತನ್ನ ಆಡಳಿತವನ್ನು ಸರ್ಕಾರ್-ಎ-ಖುದಾದಾದ್, ದೇವರು ಕೊಟ್ಟ ಸರ್ಕಾರ ಎಂದೇ ಕರೆಯುತ್ತಿದ್ದ. ಊರು ಗೆದ್ದವರು ಸೋತವನ ಮಾತನ್ನೂ ಗೆದ್ದುಕೊಂಡರು. ಇದು ಆಕಸ್ಮಿಕವಾಗಿರಲಾರದು. ಪಾರ್ಸಿ ಓದಬಲ್ಲ ನವಾಬರು, ಮುನ್ಷಿಗಳು, ದರ್ಬಾರಿನ ಮಂದಿ ಈ ಪದಕವನ್ನು ನೋಡಿದೊಡನೆ, ಅಧಿಕಾರ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ತಮ್ಮದೇ ಭಾಷೆಯಲ್ಲಿ ಓದಿಕೊಳ್ಳಬೇಕಿತ್ತು. ಆ ಊರಿನ ಬೀದಿಯಲ್ಲಿ, ಸಂತೆಯಲ್ಲಿ, ರಂಗನಾಥನ ಗುಡಿಯಲ್ಲಿ ಆಡುತ್ತಿದ್ದ ಕನ್ನಡದ ಒಂದಕ್ಷರವೂ ಪದಕದ ಮೇಲಿಲ್ಲ. ಅದು ಮಾತಾಡುತ್ತಿದ್ದುದು ಆಳುವವರೊಂದಿಗೆ, ಅಲ್ಲಿ ಬಾಳುವವರೊಂದಿಗಲ್ಲ.

ಟಿಪ್ಪುವೂ ತನ್ನ ಗೆಲುವನ್ನು ಸಾರಿಕೊಳ್ಳದೆ ಬಿಟ್ಟವನಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಡುಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ದೊಡ್ಡ ಚಿತ್ರವಿದೆ. ಇಂಗ್ಲಿಷರ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ, ಸುತ್ತ ಅವನ ಪಡೆ ಮುರಿದುಬೀಳುತ್ತಿದೆ. ಹುಲಿಯೊಂದು ಐರೋಪ್ಯನ ಮೇಲೆ ಕುಳಿತು ಕಚ್ಚುವ ಮರದ ಯಂತ್ರವನ್ನೂ ಟಿಪ್ಪು ಇಟ್ಟುಕೊಂಡಿದ್ದ, ಅದು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಪದಕದ ಸಿಂಹ ಆ ಹುಲಿಗೆ ಕೊಟ್ಟ ಉತ್ತರದಂತೆ ನನಗೆ ಕಾಣುತ್ತದೆ. ಎರಡು ಪ್ರಚಾರಗಳ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ದರಿಯಾ ದೌಲತ್‌ನ ಗೋಡೆಯನ್ನು ನೋಡಬೇಕಾದವರು ಶ್ರೀರಂಗಪಟ್ಟಣಕ್ಕೇ ಬರಬೇಕು. ಪದಕ ಹಡಗು ಹತ್ತಿತು, ಜೇಬಿಗಿಳಿಯಿತು, ಸ್ಕಾಟ್ಲೆಂಡಿನ ಮನೆಗಳ ಕಪಾಟಿನಲ್ಲಿ ಮೊಮ್ಮಕ್ಕಳಿಗೆ ಕಥೆ ಹೇಳಿತು. ಗೋಡೆಗೆ ಒಂದೇ ಪ್ರತಿ, ಪದಕಕ್ಕೆ ಸಾವಿರಾರು. ಯಾರ ಕಥೆ ದೂರ ಹೋಯಿತು ಎಂಬುದನ್ನು ತೀರ್ಮಾನಿಸುವಲ್ಲಿ ಸೋಹೊದ ಯಂತ್ರಗಳ ಪಾಲು ಸಣ್ಣದಲ್ಲ.

ಮೇ 4ರ ರಾತ್ರಿ ಊರನ್ನು ಲೂಟಿ ಮಾಡಿದ್ದು ಪದಕದಲ್ಲಿಲ್ಲ. ಮನೆಮನೆಗೂ ನುಗ್ಗಿದ ಸೈನಿಕರನ್ನು ಹತೋಟಿಗೆ ತರಲು ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ತನ್ನವರನ್ನೇ ಗಲ್ಲಿಗೇರಿಸಬೇಕಾಯಿತು. ನೆತ್ತಿಯ ಸೂರ್ಯ ಬೆಳಗಿಸಿದ್ದು ಮಧ್ಯಾಹ್ನವನ್ನು ಮಾತ್ರ.

ಪದಕದ ಚಿತ್ರ ಒಂದೇ ಆದರೂ ಲೋಹ ಒಂದೇ ಅಲ್ಲ. ಗವರ್ನರ್ ಜನರಲ್ ಮತ್ತು ಜನರಲ್‌ಗಳಿಗೆ ಚಿನ್ನ. ಅವರ ಕೆಳಗಿನ ಮೇಲಧಿಕಾರಿಗಳಿಗೆ ಬೆಳ್ಳಿಗೆ ಚಿನ್ನದ ಮುಲಾಮು. ಆ ಮುಲಾಮನ್ನು ಆಗ ಪಾದರಸದಲ್ಲಿ ಚಿನ್ನ ಕರಗಿಸಿ ಸವರಿ, ಬೆಂಕಿಗೆ ಹಿಡಿದು ಪಾದರಸವನ್ನು ಹಾರಿಸಿ ಮಾಡುತ್ತಿದ್ದರು. ಆ ಹೊಗೆ ಕುಡಿದ ಕೆಲಸಗಾರರ ಕೈ ನಡುಗುತ್ತಿತ್ತು, ಹಲ್ಲು ಉದುರುತ್ತಿತ್ತು. ಕ್ಯಾಪ್ಟನ್ ಮತ್ತು ಅವರ ಕೆಳಗಿನ ಅಧಿಕಾರಿಗಳಿಗೆ ಬೆಳ್ಳಿ. ಹವಾಲ್ದಾರರ ಮಟ್ಟದವರಿಗೆ ಕಂಚು, ಸುಮಾರು 5,000. ಸಾಮಾನ್ಯ ಸೈನಿಕರಿಗೆ ಮತ್ತು ಸಿಪಾಯಿಗಳಿಗೆ ತವರ, ಸುಮಾರು 45,000. ಬಿರುಕಿನಲ್ಲಿ ಮೊದಲು ನುಗ್ಗಿ ಗುಂಡಿಗೆ ಎದೆಕೊಟ್ಟವರ ಕೈಗೆ ಬಂದದ್ದು ಉಗುರಿನಿಂದಲೂ ಗೀರು ಬೀಳುವ ಲೋಹ. ತೂಗುಹಾಕಲು ಕೊಂಡಿಯನ್ನೂ ಕೊಟ್ಟಿರಲಿಲ್ಲ. ಬೇಕಾದವರು ತಾವೇ ಬಳೆ ಹಾಕಿಸಿಕೊಂಡು ಧರಿಸಬೇಕಿತ್ತು. ಅಂಚಿನಲ್ಲಿ ಪಡೆದವನ ಹೆಸರನ್ನೂ ಕೆತ್ತಿಸಿರಲಿಲ್ಲ. ಕೆಲವರು ಸ್ವಂತ ಖರ್ಚಿನಲ್ಲಿ ಹೆಸರು ಕೊರೆಸಿಕೊಂಡರು. ಹೆಸರುಳ್ಳ ಪದಕಗಳಿಗೆ ಇಂದು ಹರಾಜಿನಲ್ಲಿ ಹೆಚ್ಚು ಬೆಲೆ, ಏಕೆಂದರೆ ಅದರ ಒಡೆಯನ ಪಲ್ಟನ್ನು, ಊರು, ಬದುಕನ್ನು ದಾಖಲೆಗಳಲ್ಲಿ ಹುಡುಕಿ ತೆಗೆಯಬಹುದು. ಹೆಸರು ಕೊರೆಸಲು ಕಾಸಿಲ್ಲದ ಸಿಪಾಯಿಯ ಪದಕದಲ್ಲಿ ಓದಲು ಸಿಗುವುದು ಕೆತ್ತನೆಗಾರನ ಮೂರಕ್ಷರದ ಗುರುತು ಮತ್ತು ಕಂಪನಿ ಹೇಳಿಸಿದ ಮಾತು ಮಾತ್ರ.